ಇರ್ಮಿ ಕಟ್ಟಿದ ಗಾಂಜಾ ಸಂಘ

ಇರ್ಮ್‌ಟ್ರೌಡ್ ಕುಚೆರಾ, ನಮ್ಮೆಲ್ಲರ ಇರ್ಮಿ, ತನ್ನ ಜೀವಮಾನದಲ್ಲಿ ಒಂದು ದಮ್ಮು ಗಾಂಜಾ ಎಳೆದವಳಲ್ಲ. ಸಿಗರೇಟಿನ ಹೊಗೆ ಕಂಡರೂ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆದರೂ ನಮ್ಮ ಕೇರಿಯ ಗಾಂಜಾ ಸಂಘವನ್ನು ಕಟ್ಟಿದವಳು ಅವಳೇ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ನಗುವವರಲ್ಲಿ ಹೆಚ್ಚಿನವರಿಗೆ ಸಂಘ ಎಂದರೇನೆಂದು ಗೊತ್ತಿಲ್ಲ, ಗಾಂಜಾ ಗಿಡಕ್ಕೆ ನೀರು ಹಾಕುವುದು ಹೇಗೆಂದೂ ಗೊತ್ತಿಲ್ಲ.

ನಾನು ರೈನ್‌ಹೋಲ್ಡ್. ಕಾಲಲ್ಲಿ ಬಲವಿದ್ದಷ್ಟು ದಿನ ಹೆರ್ನೆ ಎಂಬ ನಮ್ಮ ಗಣಿಯೂರಿನ ಸುತ್ತಮುತ್ತ ಟ್ರಾಮ್ ಓಡಿಸಿದವನು. ಈಗ ಮಂಡಿ ಸವೆದು, ಕಿಟಕಿಯ ಪಕ್ಕ ಕೂತು ಊರಿಗೆಲ್ಲ ಬಯ್ಯುವುದೇ ನನ್ನ ಉದ್ಯೋಗ. ಇರ್ಮಿ ನಮ್ಮ ಕೆಳಗಿನ ಮಹಡಿಯವಳು. ಅವಳಪ್ಪ, ನಮ್ಮಪ್ಪ ಒಂದೇ ಕಲ್ಲಿದ್ದಲು ಗಣಿಗೆ ಇಳಿದವರು. ಶಾಲೆಯಲ್ಲಿ ಅವಳು ನನಗಿಂತ ಒಂದು ತರಗತಿ ಕೆಳಗಿದ್ದಳು. ನನ್ನನ್ನು ಗದರಿಸುವುದನ್ನು ಮಾತ್ರ ಆಗಲೇ ಶುರು ಮಾಡಿದ್ದಳು.

ಸ್ಮಶಾನದ ಗೋಡೆಗೆ ಅಂಟಿಕೊಂಡಂತೆ ಒಂದು ನರ್ಸರಿ ಇತ್ತು. ಓದು ಬಿಟ್ಟ ಮೇಲೆ ಇರ್ಮಿ ಅಲ್ಲಿಗೆ ಸೇರಿದಳು, ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ಇದ್ದಳು. ವಸಂತದಲ್ಲಿ ಪ್ಯಾನ್ಸಿ, ಬೇಸಗೆಯಲ್ಲಿ ಬಿಗೋನಿಯಾ, ಮೈ ನಡುಗುವ ಕಾಲ ಬಂದರೆ ಹೀದರ್. ನಮ್ಮಲ್ಲಿ ಸಮಾಧಿಯ ಮೇಲಿನ ಹೂವು ಬಾಡಿದರೆ ಆ ಮನೆಯ ಮಾನ ಹೋದಂತೆ. ಹೀಗಾಗಿ ಊರಿನ ಅರ್ಧದಷ್ಟು ಮನೆಗಳ ಮಾನ ಇರ್ಮಿಯ ಕೈಯಲ್ಲಿತ್ತು. ನಡುವೆ ಅವಳಿಗೆ ಒಂದು ಮದುವೆಯೂ ಆಗಿತ್ತು. ಅದನ್ನು ಕಳೆ ಕಿತ್ತಂತೆ ಕಿತ್ತು ಹಾಕಿ, ಮರುದಿನವೇ ಕೆಲಸಕ್ಕೆ ಹೋಗಿದ್ದಳು.

ಆಮೇಲೆ ಜನ ಬದಲಾದರು. ಸತ್ತವರನ್ನು ಸುಟ್ಟು, ಬೂದಿಯನ್ನು ಹುಲ್ಲುಹಾಸಿನ ಕೆಳಗೆ ಇಟ್ಟು ಕೈ ತೊಳೆದುಕೊಳ್ಳುವುದು ರೂಢಿಯಾಯಿತು. ಹೂವು ಕೇಳುವವರಿಲ್ಲದೆ ನರ್ಸರಿ ಮುಚ್ಚಿತು. ಗಾಜಿನ ಮನೆ ಮಾತ್ರ ಹಾಗೆಯೇ ಉಳಿಯಿತು. ಇರ್ಮಿ ದಿನಾ ಬೆಳಿಗ್ಗೆ ಸ್ಮಶಾನದ ದಾರಿಯಲ್ಲಿ ನಡೆದು ಹೋಗಿ, ಗಾಜಿಗೆ ಹಣೆ ಒತ್ತಿ, ಒಳಗಿನ ಖಾಲಿ ಕಟ್ಟೆಗಳನ್ನು ನೋಡಿ ಬರುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಗಾಂಜಾ ಅಲ್ಲ, ದುಡ್ಡೂ ಅಲ್ಲ. ಆ ಗಾಜಿನ ಮನೆಯೊಳಗೆ ಮತ್ತೆ ನಿಲ್ಲಬೇಕು, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವಳನ್ನು ದುರಾಸೆಯವಳು ಎಂದು ಕರೆದ ನಾಲಿಗೆಗಳು ಈ ಊರಿನಲ್ಲಿ ಇನ್ನೂ ಇವೆ.

ಗಾಂಜಾ ಬೆಳೆಯುವ ಸಂಘಗಳಿಗೆ ಸರ್ಕಾರ ಒಪ್ಪಿಗೆ ಕೊಟ್ಟ ವರ್ಷ ಅವಳು ನಮ್ಮ ಅಡುಗೆಮನೆಗೆ ಬಂದು, ಕೋಟು ಸಹ ತೆಗೆಯದೆ ಕೂತಳು.

"ರೈನ್‌ಹೋಲ್ಡ್, ಮಂಡಿ ನೋವಿಗೆ ಅಂತ ಸ್ಟೇಷನ್ ಹಿಂದೆ ಹೋಗಿ ಕದ್ದುಮುಚ್ಚಿ ತರ್ತೀಯಲ್ಲ, ಇನ್ಮೇಲೆ ಅದು ಬೇಡ. ನಾನು ಬೆಳೀತೀನಿ. ನಿನ್ನ ಸಹಿ ಬೇಕು."

ನನ್ನ ಹೆಂಡತಿ ವಾಲ್ಬುರ್ಗಾ ಕಾಫಿ ಬಗ್ಗಿಸುತ್ತಿದ್ದವಳು ಅಲ್ಲಿಂದಲೇ ಕೇಳಿದಳು: "ಇಷ್ಟು ವರ್ಷ ಸತ್ತೋರಿಗೆ ಹೂ ಬೆಳೆದದ್ದು ಸಾಕಾಗ್ಲಿಲ್ವೇನೆ? ಈಗ ಬದುಕಿರೋರನ್ನ ಮಲಗಿಸೋಕೆ ಹೊರಟ್ಯಾ?"

"ನಿನ್ನ ಗಂಡ ಹೆಂಗೂ ಮಲಗೇ ಇರ್ತಾನಲ್ಲ," ಎಂದಳು ಇರ್ಮಿ.

ಸಂಘ ನೋಂದಾಯಿಸಲು ಏಳು ಸಹಿ ಬೇಕು. ನನ್ನದು ಎರಡನೆಯದು. ಅಧ್ಯಕ್ಷೆಯಾದವಳೂ ಹೆಸರಿಟ್ಟವಳೂ ಇರ್ಮಿಯೇ: ಹಸಿರು ಗಣಿ. ಅಪ್ಪಂದಿರು ಕಪ್ಪು ಅಗೆದರು, ನಾವು ಹಸಿರು ಅಗೆಯೋಣ ಎಂದಳು. ನರ್ಸರಿ ಮಾಲೀಕನ ಮಕ್ಕಳು ಗಾಜಿನ ಮನೆಯನ್ನು ಬಾಡಿಗೆಗೆ ಕೊಡಲು ಒಪ್ಪಿದರು. ಶಾಲೆ ಎಷ್ಟು ದೂರ, ಮಕ್ಕಳ ಆಟದ ಬಯಲು ಎಷ್ಟು ದೂರ ಎಂದು ಅಧಿಕಾರಿಗಳು ಬಂದು ಅಳೆದರು. ನಮ್ಮ ಪಕ್ಕದಲ್ಲಿ ಇದ್ದವರು ಸತ್ತವರು ಮಾತ್ರ, ಅವರಿಂದ ತಕರಾರು ಬರಲಿಲ್ಲ.

ಹೊರಗಿನಿಂದ ಗಿಡ ಯಾರ ಕಣ್ಣಿಗೂ ಬೀಳಬಾರದು ಎಂಬುದು ಕಾನೂನು. ಬೇಸಗೆಯ ಬಿಸಿಲು ತಡೆಯಲು ನರ್ಸರಿಯವರು ಗಾಜಿಗೆ ಹೊರಗಿನಿಂದ ಸುಣ್ಣ ಬಳಿಯುವುದುಂಟು. ಇರ್ಮಿ ಒಳಗಿನಿಂದ ಬಳಿಸಿದಳು. ಹೊರಗೆ ಬಳಿದರೆ ಮಳೆಗೆ ತೊಳೆದು ಹೋಗುತ್ತದೆ, ಪುಂಡರು ಉಗುರಲ್ಲಿ ಕೆರೆದು ಇಣುಕುತ್ತಾರೆ ಎಂಬುದು ಅವಳ ಲೆಕ್ಕ. ಏಣಿ ಹತ್ತಿ ಮುಕ್ಕಾಲು ಭಾಗವನ್ನು ತಾನೇ ಬಳಿದಳು. ಕೆಳಗೆ ಏಣಿ ಹಿಡಿದಿದ್ದ ನನ್ನ ಬೋಳು ತಲೆಯ ಮೇಲೂ ಸುಣ್ಣ ಬಿತ್ತು.

ಬಾಗಿಲು ತೆರೆದದ್ದೇ ತಡ, ಊರಿನ ತಪ್ಪು ತಿಳಿವಳಿಕೆಗಳೆಲ್ಲ ಸಾಲಾಗಿ ಬಂದು ನಿಂತವು. ಒಬ್ಬ ಬಂದವನೇ ಕಾಫಿ ಕೇಳಿ, ಕುರ್ಚಿ ಎಲ್ಲಿ ಎಂದು ಹುಡುಕಿದ. ಇಲ್ಲಿ ಕೂತು ಸೇದುವಂತಿಲ್ಲ, ಬಾಗಿಲು ಕಾಣುವಷ್ಟು ದೂರದಲ್ಲಿ ಹೊತ್ತಿಸುವಂತೆಯೂ ಇಲ್ಲ ಎಂದಾಗ ಅವನಿಗೆ ಮೋಸ ಹೋದಷ್ಟು ಸಿಟ್ಟು ಬಂತು. ಇನ್ನೊಬ್ಬ ಹುಟ್ಟುಹಬ್ಬದ ಕೂಟಕ್ಕಾಗಿ ಒಂದು ವಾರದ ಮಟ್ಟಿಗೆ ಸದಸ್ಯನಾಗುತ್ತೇನೆ ಎಂದ. ಗೆಳೆಯನ ಪಾಲನ್ನೂ ನನ್ನ ಕೈಯಲ್ಲೇ ಕೊಡಿ ಎಂದವರು, ಅಂಚೆಯಲ್ಲಿ ಕಳಿಸಿ ಎಂದವರು, ಪಕ್ಕದೂರಿನ ಸಂಘದಲ್ಲೂ ಇದ್ದೇನೆ ಇಲ್ಲೂ ಸೇರಿಸಿಕೊಳ್ಳಿ ಎಂದವರು. ಬೇಕರಿಯ ಹೆಂಗಸು ಇರ್ಮಿಗೆ ರೊಟ್ಟಿ ಕೊಡುತ್ತಾ, ಇನ್ನೇನಮ್ಮ, ಸಮುದ್ರದ ದಂಡೆಯಲ್ಲಿ ಬಂಗಲೆ ಕಟ್ಟಿಸುತ್ತೀಯಾ ಎಂದು ಕೇಳಿದಳಂತೆ. ಸಂಘ ಲಾಭ ಮಾಡುವಂತಿಲ್ಲ, ಹೊರಗಿನವರಿಗೆ ಒಂದು ಎಲೆಯನ್ನೂ ಮಾರುವಂತಿಲ್ಲ ಎಂದು ಇರ್ಮಿ ಅಂಗಡಿಯಲ್ಲೇ ನಿಂತು ವಿವರಿಸಿದಳು. ಹಿಂದೆ ಸಾಲಿನಲ್ಲಿದ್ದವರು ಕೇಳಿಸಿಕೊಂಡರು, ನಂಬಲಿಲ್ಲ.

ಜನರ ತಲೆಗೆ ಹತ್ತದ ಮಾತು ಒಂದೇ. ಇದು ಅಂಗಡಿ ಅಲ್ಲ. ಸದಸ್ಯರೇ ಬೆಳೆಯಬೇಕು, ಬೆಳೆದದ್ದರಲ್ಲಿ ತಮ್ಮ ಪಾಲು ಒಯ್ಯಬೇಕು. ದುಡ್ಡು ಕಟ್ಟಿ ಕೈಕಟ್ಟಿ ನಿಲ್ಲುವುದಕ್ಕೆ ಕಾನೂನೇ ಒಪ್ಪುವುದಿಲ್ಲ. ಇರ್ಮಿ ಅದಕ್ಕೆ ಶನಿವಾರದ ಶ್ರಮದಾನ ಎಂದು ಹೆಸರಿಟ್ಟಳು. ಕುಂಡ ತೊಳೆಯುವುದು, ಮಣ್ಣು ಕಲಸುವುದು, ಕೆಳಗಿನ ಎಲೆ ಚಿವುಟುವುದು. ನಿಯಮಾವಳಿಯಲ್ಲಿ ಒಂದು ಸಾಲನ್ನು ಅವಳೇ ಹಟ ಹಿಡಿದು ಸೇರಿಸಿದಳು: ಒಂದು ಋತು, ಅಂದರೆ ಒಂದು ಬೇಸಗೆ, ಪೂರ್ತಿ ಶ್ರಮದಾನಕ್ಕೆ ಬಾರದವರ ಸದಸ್ಯತ್ವ ತಾನಾಗಿಯೇ ರದ್ದು.

ನಾನು ಬೇರೊಂದು ಸಾಲು ಸೇರಿಸು ಎಂದು ಹೇಳಿದ್ದೆ. ಕಟ್ಟಿದ ಏಳು ಜನರನ್ನು ಸುಲಭವಾಗಿ ಕಿತ್ತು ಹಾಕಲಾಗದಂತೆ ಏನಾದರೂ ಇರಲಿ, ನಾಳೆ ಯಾರ್ಯಾರು ಬಂದು ಸೇರುತ್ತಾರೋ ಎಂದೆ. ಅವಳಿಗೆ ನನ್ನ ಮೇಲೆ ನಿಜವಾಗಿಯೂ ಕೋಪ ಬಂತು.

"ಸಂಘ ಅಂದ್ರೆ ಸಂಘ ಕಣೋ. ಮೊದಲು ಬಂದೋನಿಗೂ ಒಂದೇ ಕೈ, ನಿನ್ನೆ ಬಂದೋನಿಗೂ ಒಂದೇ ಕೈ. ನಮ್ಮಪ್ಪನ ಪಾರಿವಾಳ ಸಂಘದಲ್ಲಿ ಗಣಿ ಇಂಜಿನಿಯರ್‌ನೂ ನಮ್ಮಪ್ಪನ ಪಕ್ಕ ಕೂತು ಒಂದೇ ಕೈ ಎತ್ತಿದ್ದ. ಅದು ಬೇಡ ಅಂದ್ರೆ ನೀನು ಅಂಗಡಿ ಇಡು ಹೋಗು."

ಇದು ನಮ್ಮ ಜನರ ಹುಚ್ಚು. ಪಾರಿವಾಳಕ್ಕೊಂದು ಸಂಘ, ಹಿತ್ತಿಲಿಗೊಂದು ಸಂಘ, ಹಾಡಿಗೊಂದು, ಮೊಲ ಸಾಕುವುದಕ್ಕೊಂದು. ಮೂರು ಜನ ಸೇರಿದರೆ ಒಬ್ಬ ಅಧ್ಯಕ್ಷನಾಗುತ್ತಾನೆ, ಒಬ್ಬ ಖಜಾಂಚಿ, ಉಳಿದವನು ತಕರಾರು ತೆಗೆಯುತ್ತಾನೆ. ಎತ್ತಿದ ಕೈ ಎಂದೂ ತಪ್ಪು ಮಾಡುವುದಿಲ್ಲ ಎಂದು ನಂಬಿಸಿಯೇ ನಮ್ಮನ್ನು ಬೆಳೆಸಿದ್ದಾರೆ. ಗಾಂಜಾದ ಬಗ್ಗೆ ಊರಿಗಿದ್ದ ತಪ್ಪು ತಿಳಿವಳಿಕೆಗಳನ್ನೆಲ್ಲ ಇರ್ಮಿ ತಿದ್ದಿದಳು. ಸಂಘದ ಬಗ್ಗೆ ತನಗಿದ್ದುದನ್ನು ತಿದ್ದಿಕೊಳ್ಳಲಿಲ್ಲ. ದುಡಿದವರದ್ದೇ ಸಂಘ ಎಂದು ಅವಳು ತಿಳಿದಿದ್ದಳು. ಸಂಘ ಕೈ ಎತ್ತುವವರದ್ದು.

ಮೊದಲ ವರ್ಷ ಅವಳು ಸುಖವಾಗಿದ್ದಳು. ಬೆಳಿಗ್ಗೆ ಬೀಗದ ಕೈ ಗೊಂಚಲು ಆಡಿಸುತ್ತಾ ಮೆಟ್ಟಿಲಿಳಿಯುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಸದಸ್ಯರಲ್ಲಿ ಟೋರ್ಬೆನ್ ಎಂಬವನ ಮೇಲೆ ಅವಳಿಗೆ ಹೆಚ್ಚು ಅಕ್ಕರೆ. ಅಡುಗೆಮನೆ ಕಪಾಟು ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು, ಮೂವತ್ತು ದಾಟಿದವನು, ಬಾಯಿ ಬಿಟ್ಟರೆ ಬೆಣ್ಣೆ. ಒಂದು ಶನಿವಾರವನ್ನೂ ತಪ್ಪಿಸುತ್ತಿರಲಿಲ್ಲ. ಗಂಡು ಗಿಡವನ್ನು ಗುರುತಿಸಿ ಕೀಳುವುದು, ಟೊಂಗೆ ಬಗ್ಗಿಸಿ ಕಟ್ಟುವುದು, ಬೂಷ್ಟು ಬರದಂತೆ ಮೇಲಿನ ಕಿಂಡಿಗಳನ್ನು ಯಾವಾಗ ತೆಗೆದು ಯಾವಾಗ ಮುಚ್ಚಬೇಕು ಎಂಬುದು, ಎಲ್ಲವನ್ನೂ ಅವನಿಗೆ ಕಲಿಸಿದಳು. ನಮ್ಮ ಸಂಘಗಳಲ್ಲಿ ಯಾರಿಗೆ ಯಾರೇ ಆಗಲಿ ಏಕವಚನ. ಅವನು ಅವಳಿಗೆ "ಇರ್ಮಿ, ನೀನು ಕೂತ್ಕೋ, ನಾನು ಮಾಡ್ತೀನಿ" ಎನ್ನುತ್ತಿದ್ದ. ಅವಳು ಕೂರುತ್ತಿರಲಿಲ್ಲ, ಆದರೆ ಹಾಗೆ ಹೇಳಿಸಿಕೊಳ್ಳುವುದು ಅವಳಿಗೆ ಹಿತವಾಗಿತ್ತು.

ಬಾಗಿಲು ಎಲ್ಲರಿಗೂ ತೆರೆದಿತ್ತು. ಕಾನೂನು ಎಷ್ಟು ಜನರನ್ನು ಬಿಡುತ್ತದೋ ಅಷ್ಟೂ ಜನ ತುಂಬಿದರು. ಶನಿವಾರಗಳಂದು ಮಾತ್ರ ಅದೇ ಹಳೆಯ ಮುಖಗಳು. ಉಳಿದವರಿಗೆ ಅಜ್ಜಿಯಂದಿರು ಸಾಯತೊಡಗಿದರು, ಸೊಂಟ ಹಿಡಿಯತೊಡಗಿತು. ಇರ್ಮಿ ಸುಮ್ಮನಿರುವವಳಲ್ಲ. ಪಾಲು ಒಯ್ಯುವ ದಿನ ಬಾಗಿಲಲ್ಲೇ ನಿಂತು, ನಿನ್ನ ಕೈಯಲ್ಲಿ ಮಣ್ಣು ಕಂಡು ಎಷ್ಟು ದಿನವಾಯಿತಪ್ಪಾ ಎಂದು ಎಲ್ಲರೆದುರು ಕೇಳುತ್ತಿದ್ದಳು.

ಆಗ ಬೋಡೋನ ಪ್ರಸಂಗ ನಡೆಯಿತು. ಬೋಡೋ ಲಾರಿ ಚಾಲಕ, ಒಳ್ಳೆಯ ಮನುಷ್ಯ, ನಮ್ಮ ಏಳು ಸಹಿಗಳಲ್ಲಿ ಒಬ್ಬ. ಹೆಂಡತಿಗೆ ಪಾರ್ಶ್ವವಾಯು ಬಡಿದು ಒಂದು ಬೇಸಗೆ ಪೂರ್ತಿ ಆಸ್ಪತ್ರೆಗೆ ಓಡಾಡಿದ. ಋತು ಮುಗಿದ ಮೇಲೆ ಬಂದಾಗ ಇರ್ಮಿ ಅವನ ಹೆಸರು ಹೊಡೆದು ಹಾಕಿದ್ದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

"ಇವನಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು. ಬೇಜಾರು ನಂಗೂ ಇದೆ ಬೋಡೋ. ನಿಯಮ ನಿಯಮವೇ. ಹೊಸದಾಗಿ ಅರ್ಜಿ ಹಾಕು, ಜಾಗ ಖಾಲಿಯಾದಾಗ ತಗೋತೀವಿ."

ಬೋಡೋ ತಲೆಯಾಡಿಸಿ ಹೊರಟುಹೋದ. ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು. ಅವಳು ಮಾಡಿದ್ದು ತಪ್ಪು, ಶುದ್ಧ ತಪ್ಪು. ಅವಳ ಪರವಾಗಿ ಬರೆಯಲು ಕೂತವನಾದರೂ ಇದನ್ನು ಮುಚ್ಚಿಡಲಾರೆ. ಗಿಡದ ಒಂದು ಎಲೆ ಹಳದಿಯಾದರೆ ಊಟ ಬಿಡುತ್ತಿದ್ದವಳಿಗೆ ಆ ಮನುಷ್ಯನ ಮುಖ ಕಾಣಲಿಲ್ಲ. ಟೋರ್ಬೆನ್ ಅಲ್ಲೇ ಕುಂಡ ತೊಳೆಯುತ್ತಾ ಎಲ್ಲವನ್ನೂ ನೋಡುತ್ತಿದ್ದ. ಜಾಗ ಖಾಲಿಯಾದ ಕೂಡಲೇ ಬೋಡೋನ ಅರ್ಜಿಯನ್ನು ಮುಂದೆ ತಂದು, ಅವನನ್ನು ಒಳಗೆ ಸೇರಿಸಿದವನು ಅವನೇ. ಇರ್ಮಿಯೂ ಸಂತೋಷದಿಂದಲೇ ಒಪ್ಪಿದಳು, ಎಲ್ಲ ಸರಿಹೋಯಿತು ಎಂದುಕೊಂಡಳು.

ಮರುವರ್ಷದ ಸರ್ವಸದಸ್ಯರ ಸಭೆ ಪಾರಿವಾಳ ಸಂಘದ ಹಳೆಯ ಸಭಾಂಗಣದಲ್ಲಿ ಸೇರಿತು. ಇರ್ಮಿ ಹಿಂದಿನ ದಿನವೇ ಬಕೆಟ್‌ಗಟ್ಟಲೆ ಆಲೂಗಡ್ಡೆ ಸಲಾಡ್ ಮಾಡಿಟ್ಟಿದ್ದಳು. ಸಭಾಂಗಣ ತುಂಬಿ, ಗೋಡೆಗೆ ಒರಗಿಯೂ ಜನ ನಿಂತಿದ್ದರು. ಅವರಲ್ಲಿ ಅರ್ಧ ಜನರನ್ನು ನಾನು ಗಾಜಿನ ಮನೆಯ ಹತ್ತಿರ ಕಂಡಿರಲೇ ಇಲ್ಲ. ಶನಿವಾರ ಹಿಡಿಯುತ್ತಿದ್ದ ಸೊಂಟಗಳೆಲ್ಲ ಆ ದಿನ ನೆಟ್ಟಗಿದ್ದವು.

ಟೋರ್ಬೆನ್ ಎದ್ದು ನಿಂತು ಮೊದಲು ಇರ್ಮಿಯನ್ನು ಹೊಗಳಿದ. ಅವಳಿಲ್ಲದೆ ಈ ಸಂಘವೇ ಇಲ್ಲ ಎಂದ. ಎಲ್ಲರೂ ಮೇಜು ಕುಟ್ಟಿದರು. ಆಮೇಲೆ, ಕಾಲ ಬದಲಾಗಿದೆ, ಜನ ದುಡಿದು ದಣಿದು ಬರುತ್ತಾರೆ, ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಅವಮಾನ ಮಾಡುವುದು ಸರಿಯಲ್ಲ ಎಂದ. ತೋಟದ ಭಾರದ ಕೆಲಸಕ್ಕೆ ಕಾನೂನು ಒಪ್ಪುವಷ್ಟು ಅರೆಕಾಲಿಕ ಆಳುಗಳನ್ನು ಇಡೋಣ, ಸದಸ್ಯರು ಪೊಟ್ಟಣಕ್ಕೆ ಚೀಟಿ ಅಂಟಿಸಿದರೂ ಅದನ್ನು ಶ್ರಮದಾನವೆಂದೇ ಲೆಕ್ಕಕ್ಕೆ ಹಿಡಿಯೋಣ, ಇದಕ್ಕೆಲ್ಲ ಹೊಸ ಅಧ್ಯಕ್ಷರು ಬೇಕು ಎಂದು ಮುಗಿಸಿದ. ಹೊಸ ಅಧ್ಯಕ್ಷ ಯಾರು ಎಂದು ಯಾರೂ ಕೇಳಲಿಲ್ಲ.

ಇರ್ಮಿಯೇ ಸಭೆಯ ಅಧ್ಯಕ್ಷೆ. ಆದ್ದರಿಂದ ತನ್ನನ್ನು ಇಳಿಸುವ ಪ್ರಸ್ತಾಪವನ್ನು ಓದಿ ಹೇಳಬೇಕಾದವಳೂ ಅವಳೇ, ಕೈಗಳನ್ನು ಎಣಿಸಬೇಕಾದವಳೂ ಅವಳೇ. ಪರವಾಗಿರುವವರು ಕೈ ಎತ್ತಿ ಎಂದಳು. ಎಲ್ಲಕ್ಕಿಂತ ಮೊದಲು ಎದ್ದದ್ದು ಬೋಡೋನ ಕೈ. ಅದರ ಹಿಂದೆ ಇಡೀ ಸಭಾಂಗಣ ಎದ್ದಿತು. ಅವಳು ಸಾಲಿನಿಂದ ಸಾಲಿಗೆ ಬೆರಳು ತೋರಿಸುತ್ತಾ ಗಟ್ಟಿಯಾಗಿ ಎಣಿಸಿದಳು. ನಡುವೆ ಯಾರೋ ಎದ್ದು ಓಡಾಡಿದ್ದರಿಂದ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದಳು. ಬೇಡ ಇರ್ಮಿ, ಕಣ್ಣಿಗೇ ಕಾಣುತ್ತಿದೆ ಎಂದು ನಾನು ಪಿಸುಗುಟ್ಟಿದೆ. ಅವಳು ಕೇಳಲಿಲ್ಲ. ವಿರುದ್ಧ ಎಂದಾಗ ನನ್ನದೂ ಇನ್ನು ಬೆರಳೆಣಿಕೆಯಷ್ಟು ಮುದಿ ಕೈಗಳೂ ಎದ್ದವು. ಅವಳು ತನ್ನ ಕೈ ಎತ್ತಲಿಲ್ಲ. ಅಧ್ಯಕ್ಷರು ತಮ್ಮ ವಿಷಯಕ್ಕೆ ತಾವೇ ಕೈ ಎತ್ತುವುದು ಸಭ್ಯತೆಯಲ್ಲವಂತೆ.

ಟೋರ್ಬೆನ್ ಅವಳಿಗೆ ಹೂಗುಚ್ಛ ಕೊಟ್ಟ. ಸೂಪರ್‌ಮಾರ್ಕೆಟ್‌ನ ಸೇವಂತಿಗೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಲೆಯ ಚೀಟಿ ಹಾಗೆಯೇ ಇತ್ತು. ಜೀವನವಿಡೀ ಹೂವು ಬೆಳೆದವಳ ಕೈಗೆ ಅದು. ಅವಳು ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ಥ್ಯಾಂಕ್ಸ್ ಹೇಳಿ, ಹೊರಗೆ ಬಂದಳು. ಒಳಗೆ ಅವಳ ಆಲೂಗಡ್ಡೆ ಸಲಾಡನ್ನು ಬಡಿಸುವ ಸದ್ದು ಕೇಳುತ್ತಿತ್ತು. ನನಗೆ ಆ ಬಕೆಟ್‌ಗಳನ್ನು ಒದ್ದು ಬರಬೇಕೆನಿಸಿತ್ತು.

ಆ ಬೇಸಗೆ ಇರ್ಮಿ ಮನೆಯಿಂದ ಹೊರಬೀಳಲಿಲ್ಲ. ಶನಿವಾರ ಬರುವುದು, ಹೋಗುವುದು. ಹೋಗಿ ಎರಡು ಚೀಟಿ ಅಂಟಿಸಿ ಬಾರೇ, ಒಳಗೆ ಕಾಲಿಟ್ಟಂತಾದರೂ ಆಗುತ್ತದೆ ಎಂದು ನಾನೂ ವಾಲ್ಬುರ್ಗಾಳೂ ಸರತಿಯಲ್ಲಿ ಹೇಳಿದೆವು.

"ಚೀಟಿ ಅಂಟಿಸೋಕೆ ನಾನೇನು ಅಂಚೆ ಕಚೇರಿಯೋಳಾ? ನೋಡ್ತಿರು ರೈನ್‌ಹೋಲ್ಡ್. ಗಿಡ ಹೂ ಬಿಡೋ ಹೊತ್ತಿಗೆ ಬೂಷ್ಟು ಹಿಡಿಯುತ್ತೆ. ಅವರೇ ಬರ್ತಾರೆ, ಈ ಮೆಟ್ಟಿಲು ಹತ್ತಿಕೊಂಡು ಬರ್ತಾರೆ."

ಅವಳು ಹೇಳುತ್ತಿದ್ದ ರೀತಿಗೆ ನಾನೂ ನಂಬಿದೆ. ಕೆಳಗೆ ಗೇಟಿನ ಸದ್ದಾದರೆ ಅವಳ ಪರದೆ ಅಲುಗಾಡುತ್ತಿತ್ತು. ಅಂಚೆಯವನು ಬರುತ್ತಿದ್ದ, ಬಾಟಲಿ ಹೊತ್ತ ನೆರೆಯವರು ಬರುತ್ತಿದ್ದರು. ಸಂಘದಿಂದ ಯಾರೂ ಬರಲಿಲ್ಲ. ನಾನು ಪಾಲು ತರಲು ಹೋದಾಗಲೆಲ್ಲ ಗಿಡ ಹೇಗಿದೆ ಎಂದು ಕೇಳುತ್ತಿದ್ದಳು. ಚೀಟಿ ಅಂಟಿಸುವ ನಮ್ಮಂಥವರನ್ನು ಈಗ ಮುಂದಿನ ಕೋಣೆಯಿಂದ ಆಚೆಗೆ ಬಿಡುವುದಿಲ್ಲ ಎನ್ನುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಅವಳ ಹಟ ಮುರಿಯಿತು. ಒಂದು ಶನಿವಾರ ಬೆಳಿಗ್ಗೆ ಹಳೆಯ ರಬ್ಬರ್ ಬೂಟು ಹಾಕಿಕೊಂಡು, ಎಲೆ ಕತ್ತರಿಸುವ ಕತ್ತರಿಯನ್ನು ಜೇಬಿಗಿಟ್ಟುಕೊಂಡು ನಮ್ಮ ಬಾಗಿಲು ತಟ್ಟಿದಳು. ಚೀಟಿಯಾದರೆ ಚೀಟಿ, ನಡಿ ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದಾರಿಯಲ್ಲಿ, ಟೋರ್ಬೆನ್ ಒಳ್ಳೆಯವನೇ, ತಲೆ ಸ್ವಲ್ಪ ತಿರುಗಿದೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು.

ಟೋರ್ಬೆನ್ ಬಾಗಿಲಲ್ಲೇ ಸಿಕ್ಕ. ಸೊಂಟದಲ್ಲಿ ಆ ಬೀಗದ ಕೈ ಗೊಂಚಲು. ಅವಳನ್ನು ನೋಡಿ ಅವನಿಗೆ ಸಂಕೋಚವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಕಪಾಟು ಕೊಳ್ಳಲು ಬಂದವರನ್ನು ಮಾತಾಡಿಸುವಂತೆ ಮಾತಾಡಿಸಿದ.

"ನಮಸ್ಕಾರ, ಶ್ರೀಮತಿ ಕುಚೆರಾ. ನೀವು ಈಗ ಸದಸ್ಯರಲ್ಲ. ಒಂದು ಋತು ಪೂರ್ತಿ ಬಂದಿಲ್ಲ ನೋಡಿ. ಬರೀ ಒಂದು ದಿನ ಬಂದಿದ್ರೂ ಸಾಕಾಗಿತ್ತು."

ಆ ಶ್ರೀಮತಿ, ಆ ನೀವು ಕೇಳಿ ನನ್ನ ಮೈ ಉರಿಯಿತು. ಇವಳು ಯಾರೆಂದು ಮರೆತೆಯೇನೋ ಎಂದು ನಾನು ಮುಂದೆ ಹೋದೆ. ಇರ್ಮಿ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಒಳಗೆ ಒಂದ್ಸಲ ನೋಡಿ ಹೋಗ್ತೀನಿ ಟೋರ್ಬೆನ್. ಏನೂ ಮುಟ್ಟಲ್ಲ."

"ಹೊರಗಿನೋರನ್ನ ಬಿಡೋ ಹಾಗಿಲ್ಲ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ? ಅರ್ಜಿ ಹಾಕಿ. ಸದ್ಯಕ್ಕೆ ಸಂಘ ತುಂಬಿದೆ, ಜಾಗ ಖಾಲಿಯಾದಾಗ ತಿಳಿಸ್ತೀವಿ. ನಿಯಮ ನಿಯಮವೇ ಅಲ್ವಾ?"

ಅವನ ಹಿಂದೆ, ಮುಂದಿನ ಕೋಣೆಯ ಮೇಜಿನಲ್ಲಿ ಬೋಡೋ ಕೂತು ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದ. ತಲೆ ಎತ್ತಿ ಇರ್ಮಿಯನ್ನು ನೋಡಿದ. ಅವಳೂ ನೋಡಿದಳು. ಅವನಿಗೆ ಒಂದು ಮಾತು ಹೇಳಬೇಕೆಂದು ಅವಳ ಬಾಯಿ ತೆರೆದದ್ದು ನನಗೆ ಕಂಡಿತು. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ನೇರ ಮನೆಗೆ ಬರುವುದು ಬಿಟ್ಟು ಅವಳು ಸ್ಮಶಾನದ ಕಡೆಯಿಂದ ಸುತ್ತು ಹಾಕಿ ಗಾಜಿನ ಮನೆಯ ಹಿಂಬದಿಗೆ ಹೋದಳು. ನಾನು ಕುಂಟುತ್ತಾ ಹಿಂದೆ ಹೋದೆ. ಹಿಂದೆಲ್ಲ ಎಲ್ಲಿ ನಿಂತು ಇಣುಕುತ್ತಿದ್ದಳೋ ಅದೇ ಜಾಗದಲ್ಲಿ ನಿಂತು ಗಾಜಿಗೆ ಹಣೆ ಒತ್ತಿದಳು. ಸುಣ್ಣ ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ. ಉಗುರಿನಿಂದ ಕೆರೆದಳು, ಕತ್ತರಿಯ ತುದಿಯಿಂದಲೂ ಕೆರೆದಳು. ಒಳಗಿನಿಂದ ಬಳಿದದ್ದು, ಬರುವುದೆಂತು?

ಆಗ ಒಳಗೆ ಯಾರೋ ಹಿಡಿಕೆ ತಿರುಗಿಸಿದರು. ಮೇಲಿನ ಕಿಂಡಿಗಳು ಒಂದರ ಹಿಂದೆ ಒಂದು ತೆರೆದುಕೊಂಡವು. ಸರಿಯಾದ ಹೊತ್ತಿಗೆ, ಅವಳು ಕಲಿಸಿದ ಹೊತ್ತಿಗೇ. ಬೆಚ್ಚಗಿನ ಗಾಳಿಯೊಂದಿಗೆ ವಾಸನೆ ನಮ್ಮ ಮೇಲೆ ಇಳಿಯಿತು. ಸಿಗರೇಟಿನ ಹೊಗೆಗೆ ಮೂಗು ಮುಚ್ಚುವವಳು ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು ನಿಂತಳು. ಬೂಷ್ಟಿನ ಕಮಟು ಏನಾದರೂ ಬಂತೇ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಚೆನ್ನಾಗಿ ಬಂದಿದೆ ಕಣೋ," ಎಂದಳು ಇರ್ಮಿ. "ನಾನಿಲ್ದಿದ್ರೂ ಚೆನ್ನಾಗೇ ಬಂದಿದೆ."